ಕುಂಕುಮದ ಹುಲಿ

ದೊಡ್ಡಪಾಲಯ್ಯನ ಮನೆಗೆ ‘ಹುಲಿ ಹೊಡೆದವರ ಮನೆ’ ಎಂದೇ ಹೆಸರು. ಅಜ್ಜ ಹುಲಿ ಹೊಡೆದದ್ದಕ್ಕೆ ಬಿಳಿ ದೊರೆಯೊಬ್ಬ ತನ್ನ ಬೇಟೆಯ ಬಂದೂಕನ್ನೇ ಇನಾಮು ಕೊಟ್ಟನಂತೆ. ನಂಬದವರಿಗೆ ಸಾಕ್ಷಿ ಬಂದೂಕಿನ ಹಿಡಿಯಲ್ಲೇ ಇತ್ತು. ಬೆಳ್ಳಿ ಬಿಲ್ಲೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಮೇಲೆ ‘ಕಿಲ್ಲರ್’, ಕೆಳಗೆ ‘ಹುಲಿ’. ಮುಂದಿನದೆಲ್ಲ ವರ್ಷವರ್ಷದ ಆಯುಧಪೂಜೆಯ ಕುಂಕುಮದಡಿ ಹೂತುಹೋಗಿತ್ತು. ಪೂಜೆಯ ಕುಂಕುಮ ಕೆರೆಯುವುದುಂಟೇ? ನಾಲ್ಕಕ್ಷರ ಇಂಗ್ಲಿಷ್ ಕಲಿತ ಅಪ್ಪ, “ಕಿಲ್ಲರ್ ಅಂದ್ರೆ ಕೊಂದೋನು” ಎಂದ ಮೇಲೆ ಮಾತು ಅಲ್ಲಿಗೆ ಮುಗಿದಿತ್ತು.

ಈಗ ಊರ ಬಾಗಿಲಿಗೆ ಅಜ್ಜನ ಹೆಸರಿನ ಕಮಾನು ಎದ್ದಿತ್ತು. ಅದರ ಮೇಲೆ ದೊರೆಯ ಹೆಸರನ್ನೂ ಬರೆಸಬೇಕೆಂದು ದೊಡ್ಡಪಾಲಯ್ಯನ ಹಟ. ಬಂದೂಕಿನ ಮೂಲ ಕೇಳಲು ಚಳ್ಳಕೆರೆಗೆ ಹೊರಟ. ಹೊರಲು ಚಿನ್ನಯ್ಯನನ್ನು ಕರೆದ. ವರವು ಕಾವಲು ಎಂಬ ಹುಲ್ಲುಗಾವಲಿನ ಹಟ್ಟಿಯ ಚಿನ್ನಯ್ಯನ ಮನೆಯವರು ತಲೆತಲಾಂತರದಿಂದ ದನ ಕಾಯುವವರು.

“ಕಂಬಳೀಲಿ ಸುತ್ಕಳ್ಳಲೇ. ಕೈ ತಾಗಿಸ್ಬ್ಯಾಡ.”

“ಆತು ಯಜಮಾನ್ರೆ.”

ಎಸ್‌ಟಿಡಿ ಬೂತಿನ ಪಕ್ಕದಲ್ಲೇ ಬಂದೂಕು ರಿಪೇರಿಯ ಖಾಸಿಂ ಸಾಬರ ಅಂಗಡಿ. ಅವರು ನಳಿಗೆಯ ಮೇಲಿನ ಮುದ್ರೆಗಳನ್ನು ನೋಡಿ, “ಬರ್ಮಿಂಗ್‌ಹ್ಯಾಮ್ ಮಾಲು, ಅಸಲಿ!” ಎಂದರು. ದೊಡ್ಡಪಾಲಯ್ಯ ಉಬ್ಬಿದ. ಅಷ್ಟರಲ್ಲಿ ಸಾಬರು ಕೇಳದೆಯೇ ಬಿಲ್ಲೆಗೆ ಸೀಮೆಎಣ್ಣೆ ಹಚ್ಚಿ ಒರೆಸಿಬಿಟ್ಟರು.

“ದೊರೆ ಹೆಸ್ರಲ್ಲ ಇದು. ಕೊಟ್ಟೋನ್ದಲ್ಲ, ಇನಾಮು ಪಡೆದೋನ್ದು. ಕಿಲ್ಲಾರಿ... ಹುಲಿಯಪ್ಪ.”

ಕಿಲಾರಿ! ಈ ಸೀಮೆಯಲ್ಲಿ ದೇವರ ದನ ಕಾಯುವವನಿಗೆ ಇರುವ ಹೆಸರು. ಕಿಲಾರಿ ಹುಲಿಯಪ್ಪನೆಂದರೆ ಚಿನ್ನಯ್ಯನ ತಾತ. ಅಜ್ಜ ಹೊಡೆದ ಹುಲಿ ಹುಟ್ಟಿದ್ದೇ ಕುಂಕುಮದಲ್ಲಿ. ದೊಡ್ಡಪಾಲಯ್ಯನಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತ ಚಿನ್ನಯ್ಯನಿಗೆ ಕೇಳಿಸಿರದಿದ್ದರೆ ಸಾಕೆಂದು ಒಂದು ಗಳಿಗೆ ಬೇಡಿಕೊಂಡ. ಹಾಗೆ ಬೇಡಿಕೊಂಡದ್ದಕ್ಕೆ ಇನ್ನಷ್ಟು ನಾಚಿದ.

“ನಿಂಗೆ ಗೊತ್ತಿತ್ತೇನೋ?”

ಚಿನ್ನಯ್ಯ ನೆಲ ನೋಡುತ್ತಲೇ ಹೇಳಿದ. “ನಮ್ಮಪ್ಪ ಹೇಳ್ತಿದ್ದ. ಒಂದು ವರ್ಷದ ಪೂಜೆಗೆ ಅಂತ ನಿಮ್ಮಜ್ಜಾರು ಇಸ್ಕಂಡಿದ್ರಂತೆ. ದೊಡ್ಡೋರ್ನ ವಾಪಸ್ ಕೇಳಾಕೆ ನಮ್ ತಾತಂಗೆ ನಾಚ್ಕೆ ಆತಂತೆ.”

ಸಾಬರು ಒರೆಸಿದ ಚಿಂದಿ ಮಡಚಿದರು. ಚಿನ್ನಯ್ಯ ಎದ್ದು, ರೂಢಿಯಂತೆ ಕಂಬಳಿ ಹರಡಿ ಹಿಡಿದ.

“ತರ್ರಿ ಯಜಮಾನ್ರೆ, ನಿಮ್ಮನೆ ತಂಕ ಹೊತ್ಕಂಡ್ ಬರ್ತೀನಿ. ಕೈ ತಾಗ್ಸಾಕಿಲ್ಲ.”

ದೊಡ್ಡಪಾಲಯ್ಯ ಕಂಬಳಿ ಇಸಿದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡ. ಬಂದೂಕನ್ನು ಎರಡೂ ಕೈಯಲ್ಲಿ ಎತ್ತಿ ಚಿನ್ನಯ್ಯನ ಕೈಗಿಟ್ಟ. ಬಸ್‌ಸ್ಟ್ಯಾಂಡಿನ ತಿರುವಿನಲ್ಲಿ ದೊಡ್ಡಪಾಲಯ್ಯನ ಕಾಲುಗಳು ನಿಂತವು. ಮೂರು ತಲೆಮಾರು ಅವರಿಂದ ದನ ಕಾಯಿಸಿಕೊಂಡಿದ್ದರೂ ಆ ಹಟ್ಟಿಗೆ ಅವನು ಒಮ್ಮೆಯೂ ಹೋಗಿರಲಿಲ್ಲ.

“ಚಿನ್ನಯ್ಯಾ,” ಎಂದ, ತಲೆ ಎತ್ತದೆ. “ನಿಮ್ಮನೆಗೆ ಯಾವ ಬಸ್ ಹತ್ಬೇಕು?”