ಪೊರೆ ಹಣ್ಣಾಗುವವರೆಗೆ

೧
ಎಲ್ಲಿಂದ ಶುರುಮಾಡಲಿ? ಕಣ್ಣಿನಿಂದ ಶುರುಮಾಡಿದರೆ ಆಸ್ಪತ್ರೆಯ ಪಾಂಪ್ಲೆಟ್ ಎಂದುಕೊಂಡು ನೀವು ಎದ್ದು ಹೋಗುತ್ತೀರಿ. ಕುಚ್ಚಿನಿಂದ ಶುರುಮಾಡುತ್ತೇನೆ. ಭದ್ರಾವತಿ ನ್ಯೂ ಟೌನಿನ ವೀರಮ್ಮ ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಾರೆ. ಮೊನ್ನೆ ನೇರಳೆ ಎಂದುಕೊಂಡು ಕಪ್ಪು ದಾರ ಕಟ್ಟಿಬಿಟ್ಟರು, ಅದೂ ಮದುವೆ ಹೆಣ್ಣಿನ ಸೀರೆಗೆ. ಇಂಥದ್ದು ಇನ್ನೊಂದಾದರೆ ಅವರ ಹತ್ತಿರ ಯಾರೂ ಸೀರೆ ತರುವುದಿಲ್ಲ.

೨
"ಕಣ್ಣಿನ ಪೊರೆ ಇನ್ನೂ ಹಣ್ಣಾಗಿಲ್ಲ ಕಣೇ," ಎಂದರು ಗಂಡ ಮುರುಗೇಶಪ್ಪ. "ಹಣ್ಣಾದ್ಮೇಲೆ ತೆಗಿಸೋಣ. ನಮ್ಮಮ್ಮನಿಗೂ ಹಂಗೇ ಮಾಡಿದ್ದು."

(ಈ ಮಾತು ನನಗೆ ಅನುಕೂಲ. ಕಾದಷ್ಟೂ ಕಥೆಗೆ ಕತ್ತಲು ಸಿಗುತ್ತದೆ, ಕಣ್ಣೀರು ಸಿಗುತ್ತದೆ. ಮೂರು ಪುಟ ಬರೆದೂಬಿಟ್ಟೆ. ವೀರಮ್ಮ ಹರಿದು ಹಾಕಿದರು.)

"ನಿನ್ನ ಕಥೆ ಹಣ್ಣಾಗ್ಲಿ ಅಂತ ನಾನು ಕುರುಡಿ ಆಗ್ಬೇಕಾ ಮಾರಾಯ? ಶಿವಮೊಗ್ಗ ಬಸ್ ಹತ್ತಿಸು."

ಹತ್ತಿಸಿದೆ. ಮುರುಗೇಶಪ್ಪನವರೂ ಗೊಣಗುತ್ತ ಹತ್ತಿದರು.

೩
ದುರ್ಗಿಗುಡಿಯ ಕಣ್ಣಾಸ್ಪತ್ರೆ. "ಅಲ್ಟ್ರಾಸೌಂಡ್‌ನಲ್ಲಿ ತೆಗಿತೀವಿ," ಎಂದರು ಡಾಕ್ಟರ್ ಶೀತಲ್.

ಮುರುಗೇಶಪ್ಪ ದನಿ ತಗ್ಗಿಸಿದರು. "ಡಾಕ್ಟ್ರೇ, ಇವಳಿಗೆ ಅರವತ್ತೆರಡು. ಬಸುರಿ ಸ್ಕ್ಯಾನಿಂಗ್ ಯಾಕೆ?"

(ನಾನು ನಕ್ಕೆ. ವೀರಮ್ಮ ನಗಲಿಲ್ಲ.)

"ಅದೇ ಜಾತಿ ಸದ್ದು, ಕೆಲಸ ಬೇರೆ. ಸೂಜಿ ಥರದ್ದೊಂದು ಕೊಳವೆ. ಸೆಕೆಂಡಿಗೆ ಸಾವಿರಾರು ಸಲ ಅದುರುತ್ತೆ, ನಮ್ಮ ಕಿವಿಗೆ ಕೇಳಲ್ಲ. ಮಂಜಾಗಿರೋ ಲೆನ್ಸ್ ಒಡೆದು ಚೂರು ಮಾಡುತ್ತೆ, ಚೂರನ್ನ ತಾನೇ ಹೀರ್ಕೊಳ್ಳುತ್ತೆ. ಸಣ್ಣ ಗಾಯ, ಹೆಚ್ಚಾಗಿ ಹೊಲಿಗೆ ಬೇಕಾಗಲ್ಲ. ಹೊಸ ಲೆನ್ಸ್ ಮಡಚಿ ಒಳಗಿಡ್ತೀವಿ, ಅಲ್ಲೇ ಬಿಚ್ಕೊಳ್ಳುತ್ತೆ."

"ಹಣ್ಣಾಗ್ಬೇಕಲ್ವಾ?"

"ಇದು ಮಾವಲ್ಲ ಯಜಮಾನ್ರೇ. ಹಣ್ಣಾದಷ್ಟೂ ಕಲ್ಲಾಗುತ್ತೆ. ಆಗ ಒಡೆಯೋಕೆ ಜಾಸ್ತಿ ಅದುರಿಸ್ಬೇಕು, ಕಣ್ಣಿಗೇ ಪೆಟ್ಟು."

(ಹಣ್ಣಾದ ಮಾವು ಮೆತ್ತಗೆ, ಹಣ್ಣಾದ ಪೊರೆ ಗಟ್ಟಿ. ಒಂದು ಪದ ಊರಿಗೆ ಊರನ್ನೇ ಕಾಯಿಸಿದೆ. ನನಗೆ ಸಿಟ್ಟು ಬಂತು.)

"ಇವತ್ತೇ ಆಗುತ್ತಾ?" ಎಂದರು ವೀರಮ್ಮ.

"ಟೆಸ್ಟ್ ಎಲ್ಲ ಮುಗಿಸಿ, ನಾಳೆ."

೪
ಮುಕ್ತಾಯ ಒಂದು: ಆಪರೇಷನ್ ನಡುವೆ ಕರೆಂಟ್ ಹೋಯಿತು. (ಅಗ್ಗದ ಉಪಾಯ. ಜನರೇಟರ್ ಇದೆ.) ಮುಕ್ತಾಯ ಎರಡು: ಪಟ್ಟಿ ಬಿಚ್ಚಿದೊಡನೆ ನೇರಳೆ ಕಂಡು ಅತ್ತರು. (ಸಿನಿಮಾ.) ಮೂರನೆಯದು ಹೊಳೆಯುತ್ತಿಲ್ಲ.

ವೀರಮ್ಮ ಟೇಬಲ್ ಮೇಲೆ ಮಲಗಿದ್ದಾರೆ. ಕಣ್ಣಿಗೆ ಮರಗಟ್ಟಿಸುವ ಹನಿ ಬಿದ್ದಿದೆ. ಅವರಿಗೆ ಹೆದರಿಕೆ, ನನಗೂ. "ಲೈಟ್ ನೋಡಿ ಅಮ್ಮ, ಅಲ್ಲಾಡ್ಬೇಡಿ," ಎಂದರು ಡಾಕ್ಟರ್.

ಕಿವಿಯಲ್ಲಿ ಪಿಸುಗುಟ್ಟಿದೆ: ಯಾವ ಕೊನೆ ಬರೆಯಲಿ?

"ಸುಮ್ನಿರು," ಎಂದರು ವೀರಮ್ಮ, ತುಟಿ ಅಲ್ಲಾಡಿಸದೆ. "ಇದು ನನ್ನ ಕಣ್ಣು."

ಪೆನ್ನು ಕೆಳಗಿಟ್ಟಿದ್ದೇನೆ. ನೀವೂ ಹಾಳೆ ತಿರುಗಿಸಬೇಡಿ, ಸದ್ದಾಗುತ್ತದೆ.