ಹಿಂಭಾರ

ದುಂಡಪ್ಪ ಬಡಿಗೇರನಿಗೆ ತಂಗಿಯ ಗಂಡ ಸೋಮಪ್ಪನನ್ನು ಕಂಡರೆ ಆಗುತ್ತಿರಲಿಲ್ಲ. ಸೋಮಪ್ಪ ಮಾಡಿದ ತಪ್ಪಾದರೂ ಏನು ಎಂದು ಕೇಳಿದರೆ, ಏನೂ ಇಲ್ಲ. ಅವನಿಗೆ ಕೆಲಸ ಬರುತ್ತಿತ್ತು, ಅಷ್ಟೇ. ಬಡಿಗೇರರ ಓಣಿಯಲ್ಲಿ ಇನ್ನೊಬ್ಬನಿಗೆ ಕೆಲಸ ಬರುವುದಕ್ಕಿಂತ ದೊಡ್ಡ ತಪ್ಪು ಮತ್ತೊಂದಿಲ್ಲ.

ಪ್ಲೇಗಿನ ಹಾವಳಿ ಇಳಿದ ಮೇಲಿನ ಮಾತು ಇದು. ಸವದತ್ತಿ ಸೀಮೆಯ ಆ ಊರು ಮಲಪ್ರಭೆಯ ದಂಡೆಯ ಮೇಲಿತ್ತು. ಬೈಲಹೊಂಗಲದ ಹತ್ತಿಪೇಟೆಗಾಗಲಿ, ಅತ್ತ ಕಟಕೋಳ, ರಾಮದುರ್ಗಕ್ಕಾಗಲಿ ಹೋಗುವ ಒಳ್ಳೆಯ ಬಂಡಿಯನ್ನು ಕಂಡರೆ ಜನ ಗಾಲಿ ನೋಡಿಯೇ ‘ದುಂಡಪ್ಪನ ಕೈ’ ಎನ್ನುತ್ತಿದ್ದರು. ಊರಿನ ಯಾವ ಹೊಸ ಬಂಡಿಯಾದರೂ ಅವನು ಕಾಯಿ ಒಡೆದ ಮೇಲೆಯೇ ಗಾಲಿ ಉರುಳಬೇಕು. ವರ್ಷಕ್ಕೊಮ್ಮೆ ಮಡಿವಾಳೆಪ್ಪಗೌಡರು ಊರಮುಂದೆ ಅವನ ತಲೆಗೆ ರುಮಾಲು ಸುತ್ತುತ್ತಿದ್ದರು. ಆ ರುಮಾಲನ್ನು ಅವನು ಮನೆಯೊಳಗೂ ಬಿಚ್ಚುತ್ತಿರಲಿಲ್ಲ. ಉಣ್ಣುವಾಗಲೂ ತಲೆಯ ಮೇಲೆಯೇ.

ಅಂಥದರಲ್ಲಿ ದೊಡವಾಡದ ಸೋಮಪ್ಪ ಬಂದ. ಅವನು ಕಾರವಾರದ ಕಡೆ ಹಡಗು ಕಟ್ಟುವವರ ಹತ್ತಿರ ಬಹಳ ವರ್ಷ ದುಡಿದು, ಹೆಂಡತಿ ರಾಯವ್ವನೊಂದಿಗೆ ತಿರುಗಿ ಬಂದು, ಸದ್ಯಕ್ಕೆ ಅವಳ ತವರೂರಿನಲ್ಲೇ ಉಳಿದಿದ್ದ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಊರಿಗೆ ಇದ್ದದ್ದು ಅಂಬಿಗರ ಲಕ್ಕಪ್ಪನ ಹರಿಗೋಲು ಒಂದೇ. ಅದು ಬುಟ್ಟಿಯಂತೆ ಗಿರಗಿರ ತಿರುಗುತ್ತ, ಹೊರಟ ಜಾಗಕ್ಕಿಂತ ಎಷ್ಟೋ ಕೆಳಗೆ ಹೋಗಿ ದಡ ಮುಟ್ಟುತ್ತಿತ್ತು. ಹತ್ತಿಯ ಅಂಡಿಗೆ ಮೂಟೆಗಳನ್ನು ಹೊತ್ತು ದಾಟುವ ಮಾತಂತೂ ದೂರವೇ ಉಳಿಯಿತು. ಸೋಮಪ್ಪ ಗೌಡರ ಮುಂದೆ ಕುಳಿತು, ಹಾಯಿ ಕಟ್ಟಿದ ದೋಣಿ ಮಾಡಿಕೊಡುತ್ತೇನೆ, ಅದು ಹೇರೂ ಹೊರುತ್ತದೆ, ಓಟದಲ್ಲೂ ಸೋಲುವುದಿಲ್ಲ ಎಂದ.

ದುಂಡಪ್ಪ ನಕ್ಕ. “ಗೌಡರ, ಹೇರಿನ ಬಂಡಿ ಬ್ಯಾರೆ, ಶರ್ಯತ್ತಿನ ಬಂಡಿ ಬ್ಯಾರೆ. ಹೊರೂ ಎತ್ತು ಓಡೂದಿಲ್ಲ, ಓಡೂ ಎತ್ತು ಹೊರೂದಿಲ್ಲ. ಎರಡೂ ಒಂದರಾಗ ಕೇಳಿದ್ರ ಎರಡೂ ಸಿಗೂದಿಲ್ಲ.”

“ಖರೇ ಐತ್ರಿ ಭಾವಾರ,” ಎಂದ ಸೋಮಪ್ಪ. “ಎರಡರಾಗೂ ಸ್ವಲ್ಪ ಸ್ವಲ್ಪ ಬಿಡಬೇಕಾಗತೈತಿ. ಹೊಟ್ಟಿ ಅಗಲ ಇಡತೇನಿ, ಹೇರಿಗೆ. ಮೂತಿ ಚೂಪ ಮಾಡತೇನಿ, ನೀರು ಸೀಳಾಕ. ತಳಕ್ಕ ಒಂದು ಆಳದ ಹಲಗಿ ಇಳಿಸಿದ್ರ ಪಡುವಣ ಗಾಳಿ ಎಷ್ಟು ನೂಕಿದ್ರೂ ಅಡ್ಡ ಜಾರೂದಿಲ್ಲ. ಹಾಯಿ ದೊಡ್ಡದಾದ್ರ ದೋಣಿ ಹೊರಳತೈತಿ, ಅದಕ್ಕ ಹೊಟ್ಟ್ಯಾಗ ಕಲ್ಲು ಹೇರತೇನಿ.”

ಗೌಡರು ಸಾಗವಾನಿ ಕೊಡಿಸಿದರು. ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. “ಲಕ್ಕಪ್ಪನ ಹರಿಗೋಲಕಿಂತ ಮೊದಲ ಹೋಗಿ ಬಂದ್ರ ಈ ವರ್ಷದ ರುಮಾಲು ಸೋಮಪ್ಪಗ,” ಎಂದೂ ಸೇರಿಸಿಬಿಟ್ಟರು.

ಅಂದಿನಿಂದ ದುಂಡಪ್ಪನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ತನ್ನ ಓಣಿಯಲ್ಲಿ, ತನ್ನ ಕಣ್ಣೆದುರಿಗೇ ಆ ದೋಣಿಯ ಪಕ್ಕೆಲುಬು ಏಳುತ್ತಿತ್ತು. ಕೆಲಸ ಚೆನ್ನಾಗಿತ್ತು, ಅದೇ ಅವನ ಸಂಕಟ. ಕೆಟ್ಟದಾಗಿದ್ದರೆ ಅವನೇ ಹೋಗಿ ಉಳಿ ಹಿಡಿದು ತಿದ್ದಿಕೊಡುತ್ತಿದ್ದ, ಅಷ್ಟು ದೊಡ್ಡ ಮನಸ್ಸು ಅವನದು!

ಶ್ರಾವಣ ಹುಟ್ಟಿದ ಮೇಲೆ ದೋಣಿಯನ್ನು ಮೊದಲ ಸಲ ನೀರಿಗಿಳಿಸಿದರು. ಹಾಯಿ ತುಂಬಿತು, ದೋಣಿ ಹೊರಟಿತು, ಹೊರಟದ್ದೇ ಮೂತಿಯನ್ನು ನೀರಿಗೆ ಚುಚ್ಚಿಕೊಂಡು ಗಾಳಿಯ ಕಡೆಗೆ ತಿರುಗಿ ನಿಂತಿತು. ಸೋಮಪ್ಪ ಚುಕ್ಕಾಣಿಯನ್ನು ಎಷ್ಟು ಎಳೆದರೂ ಕೇಳಲಿಲ್ಲ. ಲಕ್ಕಪ್ಪನ ಬುಟ್ಟಿ ಗಿರಗಿರನೆ ಅದರ ಪಕ್ಕದಲ್ಲೇ ಹಾದು ಹೋಯಿತು. ಊರು ಬಿದ್ದು ಬಿದ್ದು ನಕ್ಕಿತು. ದುಂಡಪ್ಪ ಅಂದು ಎರಡು ರೊಟ್ಟಿ ಹೆಚ್ಚಿಗೆ ಉಂಡ.

ಗೌಡರು ಸೋಮವಾರಕ್ಕೆ ಇನ್ನೊಂದು ಅವಕಾಶ ಕೊಟ್ಟರು. ಅಂದು ಮಧ್ಯಾಹ್ನ ದೋಣಿ ದಡದಲ್ಲಿತ್ತು. “ಭಾವಾರ, ಉಂಡು ಬರತೇನಿ. ಹುಡುಗರು ಹತ್ತಿ ಕುಣಿದಾವು, ಸ್ವಲ್ಪ ನೋಡ್ಕೋರಿ,” ಎಂದು ಸೋಮಪ್ಪ ಹೋದ. ನಂಬಿ ಹೋದ.

ದುಂಡಪ್ಪ ದೋಣಿಯೊಳಗೆ ಇಳಿದು ಹಲಗೆ ಎತ್ತಿ ನೋಡಿದ. ಕಲ್ಲುಗಳೆಲ್ಲ ಮುಂದಿನ ಕಡೆಗೇ ಇದ್ದವು. ಬಂಡಿಯ ಲೆಕ್ಕದಲ್ಲಿ ಅದು ಸರಿಯಾದ ಹೇರು. ಹೇರು ತುಸು ಮುಂದಿದ್ದರೆ ನೊಗ ಎತ್ತಿನ ಹೆಗಲ ಮೇಲೆ ಕೂಡುತ್ತದೆ. ಹಿಂಭಾರವಾದರೆ ನೊಗ ಮೇಲಕ್ಕೆದ್ದು ಕೊರಳಹಗ್ಗ ಬಿಗಿದು ಎತ್ತು ಉಸಿರುಗಟ್ಟುತ್ತದೆ, ಬಂಡಿ ಮಗುಚುತ್ತದೆ. ಇದು ಬಡಿಗೇರರ ಮನೆಯ ಮೊದಲ ಪಾಠ. ಇಂಥ ಚಲೋ ಹೇರು ಇದ್ದೂ ಓಡದ ದೋಣಿ, ಹಿಂಭಾರವಾದರೆ ಜಾಗ ಬಿಟ್ಟು ಕದಲೀತೇ?

ಅವನು ಕಲ್ಲುಗಳನ್ನು ಒಂದೊಂದಾಗಿ ಹಿಂದಕ್ಕೆ ಸಾಗಿಸಿದ. ಹಲಗೆ ಮುಚ್ಚಿ ಕೈ ತೊಳೆದುಕೊಂಡ. ನಾಲ್ಕು ಮಂದಿ ನಗಲಿ ಎಂಬುದಷ್ಟೇ ಅವನ ಆಸೆ. ಹೊಟ್ಟೆಕಿಚ್ಚಿಗೆ ಅದಕ್ಕಿಂತ ಮುಂದಿನದು ಕಾಣುವುದಿಲ್ಲ.

ಇಳಿಹೊತ್ತಿಗೆ ಊರು ಸೇರಿತು. ಹತ್ತಿಯ ಅಂಡಿಗೆಗಳು ದೋಣಿಯ ನಡುವೆ ಕೂತವು. ದುಂಡಪ್ಪ ಕಾಯಿ ಹಿಡಿದು ನಿಂತ. ಆಗ ರಾಯವ್ವ ಸೀರೆ ಎತ್ತಿ ಕಟ್ಟಿ ದೋಣಿ ಹತ್ತಿ ಕುಳಿತಳು.

“ಹ್ವಾದ ಸಲ ಎಲ್ಲಾರೂ ನಕ್ರಿ. ನನ್ನ ಗಂಡನ ದ್ವಾಣ್ಯಾಗ ಇವತ್ತ ನಾನಽ ಕೂಡತೇನಿ. ಯಾರು ನಗತಾರ ನೋಡೂನು!”

ಹೊಳೆ ಕೆಂಪಗೆ, ದಂಡೆ ತುಂಬಿ ಓಡುತ್ತಿತ್ತು. ರಾಯವ್ವನಿಗೆ ಈಜು ಬರುತ್ತಿರಲಿಲ್ಲ. “ನೀ ಯಾಕ ತಂಗಿ, ಬ್ಯಾಡ, ಇಳಿ,” ಎಂದ ದುಂಡಪ್ಪ.

“ನೀ ಕಾಯಿ ಒಡಿ ಅಣ್ಣಾ.”

ಒಂದು ಮಾತು ಸಾಕಿತ್ತು. ಆ ಮಾತು ಹೇಳಿದರೆ ತಾನು ಮಾಡಿದ್ದನ್ನೂ ಹೇಳಬೇಕು. ಗೌಡರು ನೋಡುತ್ತಿದ್ದರು, ಊರು ನೋಡುತ್ತಿತ್ತು. ದುಂಡಪ್ಪ ಕಾಯಿ ಒಡೆದ.

ದೋಣಿ ದಡ ಬಿಟ್ಟಿತು. ಗಾಳಿ ಹಾಯಿಗೆ ಬಡಿಯಿತು, ಮೂತಿ ಮೇಲಕ್ಕೆದ್ದಿತು. ದುಂಡಪ್ಪ ಕಣ್ಣು ಮುಚ್ಚಿದ. ಜನ ಕೂಗಿದ್ದು ಕೇಳಿ ತೆರೆದರೆ, ದೋಣಿ ಒಂದು ಮಗ್ಗುಲಿಗೆ ತುಸು ವಾಲಿಕೊಂಡು, ಗೆರೆ ಎಳೆದ ಹಾಗೆ ನೇರ ಓಡುತ್ತಿತ್ತು. ಚುಕ್ಕಾಣಿಯನ್ನು ಸೋಮಪ್ಪ ಒಂದೇ ಕೈಯಲ್ಲಿ ಹಿಡಿದಿದ್ದ. ಆಚೆ ದಡದಲ್ಲಿ ಅಂಡಿಗೆ ಇಳಿಸಿ ಅವರು ತಿರುಗಿದಾಗ ಲಕ್ಕಪ್ಪ ಇನ್ನೂ ನಡುಹೊಳೆಯಲ್ಲಿ ಗಿರಗಿರ ಸುತ್ತುತ್ತಿದ್ದ.

ತಂಗಿ ಬದುಕಿದಳು ಎಂದು ದುಂಡಪ್ಪನ ಕಣ್ಣಲ್ಲಿ ನೀರು ಬಂತು. ಆ ನೀರು ಆರುವ ಮೊದಲೇ ಹೊಟ್ಟೆ ಉರಿಯಿತು. ದೋಣಿ ಗೆದ್ದಿತ್ತು. ಗೆಲ್ಲಿಸಿದ್ದು ತನ್ನ ಕೈ!

ಸೋಮಪ್ಪ ದಡಕ್ಕೆ ಬಂದವನೇ ಹಲಗೆ ಎತ್ತಿದ. “ಗೌಡರ, ಯಾರೋ ಕಲ್ಲು ಹಿಂದಕ ಸರಿಸ್ಯಾರ. ಕಡಲಿನ ಅಲಿಗೆ ಮಾಡೂ ಹಂಗ ಮೂತಿ ಭಾರ ಇರಲಿ ಅಂತ ನಾ ಮುಂದ ಇಟ್ಟಿದ್ದೆ. ಈ ಹೊಳ್ಯಾಗ ಅದಽ ದೋಷ ಆಗಿತ್ತು, ನನಗ ಹೊಳಿಲಿಲ್ಲ. ಸರಿಸಿದಾಂವ ನನಕಿಂತ ದೊಡ್ಡಾಂವ. ರುಮಾಲು ಅವಗ ಸಲ್ಲಬೇಕು.”

ಗೌಡರ ಕೈಯಲ್ಲಿ ಜರಿಯಂಚಿನ ಹೊಸ ರುಮಾಲಿತ್ತು. ಬುದ್ಧಿ ಬೇಡವೆಂದಿತು, ನಾಲಗೆ ಕೇಳಲಿಲ್ಲ.

“ನಾನು,” ಎಂದ ದುಂಡಪ್ಪ. “ನಾನಽ ಸರಿಸಿದೆ.”

ಊರು ಹೋ ಎಂದಿತು. ಸೋಮಪ್ಪ ಎಲ್ಲರ ಎದುರಿಗೆ ಅವನ ಕಾಲು ಮುಟ್ಟಿದ. ಗೌಡರು ರುಮಾಲು ಸುತ್ತಿದರು. ರಾಯವ್ವ ಮಾತ್ರ ಕೂಗಲಿಲ್ಲ. ಅವಳೂ ಬಡಿಗೇರರ ಮನೆಯಲ್ಲೇ ಹುಟ್ಟಿದವಳು. ಒದ್ದೆ ಸೆರಗು ಹಿಂಡಿಕೊಂಡು ಹತ್ತಿರ ಬಂದು, ಅವನೊಬ್ಬನಿಗೇ ಕೇಳುವಂತೆ ಹೇಳಿದಳು:

“ಹಿಂಭಾರ ಆದ್ರ ಮಗುಚತೈತಿ ಅಂತ ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದ, ಅಣ್ಣಾ. ಇಳಿ ಅಂದಿ, ಯಾಕ ಇಳೀಬೇಕಂತ ಹೇಳಲಿಲ್ಲ.”

ಅವಳು ಅವನ ರುಮಾಲಿನ ಅಂಚು ಸರಿಮಾಡಿ, ಗಂಡನ ಹಿಂದೆ ಹೋದಳು.

ಮರುವರ್ಷ ಪಂಚಮಿಗೆ ತಂಗಿಯನ್ನು ತವರಿಗೆ ಕರೆತರಲು ದುಂಡಪ್ಪ ತಾನೇ ಕಟ್ಟಿದ ಹೊಸ ಸವಾರಿ ಬಂಡಿ ಹೂಡಿಕೊಂಡು ದೊಡವಾಡಕ್ಕೆ ಹೋದ. ರಾಯವ್ವ ನಗುತ್ತಲೇ ಹೊರಗೆ ಬಂದಳು, ಅಣ್ಣನಿಗೆ ನೀರು ಕೊಟ್ಟಳು, ಬುತ್ತಿ ಕಟ್ಟಿಕೊಂಡಳು. ಬಂಡಿ ಹತ್ತುವ ಮೊದಲು ಬಗ್ಗಿ ಎರಡೂ ಗಾಲಿ ಕಳಚದಂತೆ ಹಿಡಿಯುವ ಕಡೆಗೀಲುಗಳನ್ನು ಮುಟ್ಟಿ ನೋಡಿದಳು. ದುಂಡಪ್ಪ ಜರಿಯಂಚಿನ ರುಮಾಲು ಸುತ್ತಿಕೊಂಡು, ಎತ್ತಿನ ಹಗ್ಗ ಹಿಡಿದು, ಅವಳು ನೋಡಿ ಮುಗಿಸುವವರೆಗೆ ನಿಂತಿದ್ದ.