ಹದಿನೇಳನೆಯ ಸಾಲು

ಕಾಲಿಟ್ಟಾಗ ಎರಡನೆಯ ದೋಣಿಯೂ ಮೊದಲನೆಯದರಷ್ಟೇ ವಾಲಿತು. ಅವನು ಅದನ್ನು ಬರೆದುಕೊಂಡ.

ಅವನು ಕೂರುವ ಮೊದಲೇ ಅಂಬಿಗ ತನ್ನ ಹೆಗಲ ಬಟ್ಟೆಯಿಂದ ಹಲಗೆ ಒರೆಸಿಯಾಗಿತ್ತು. ಇಪ್ಪತ್ತೆರಡು ವರ್ಷದಿಂದ ಒರೆಸುತ್ತ ಬಂದಿದ್ದ. ಇದನ್ನು ಬರೆದುಕೊಳ್ಳಲು ಪಟ್ಟಿಯಲ್ಲಿ ಜಾಗವಿರಲಿಲ್ಲ.

ಊರಿಗೆ ಕುಡಿಯುವ ನೀರು ಕೊಡುವ ಸರೋವರ ಅದು. ವಾರಕ್ಕೆರಡು ಸಲ ಅದರ ನೀರು ತಂದು ಪರೀಕ್ಷಿಸುವುದು, ಪ್ರಯೋಗಾಲಯದ ಹಿರಿಯ ಕೆಮಿಸ್ಟ್ ಆದ ಅವನ ಕೆಲಸ. ನೀರಿನ ಮೇಲೆ ಏಳು ಕಡೆ ಕೆಂಪು ಡಬ್ಬ ತೇಲಿಬಿಟ್ಟಿದ್ದರು. ಒಂದೊಂದರ ಬಳಿ ಒಂದೊಂದು ಬಾಟಲಿ ತುಂಬಬೇಕು. ಇಷ್ಟು ದಿನ ಹುಟ್ಟು ಹಾಕುವ ದೋಣಿಯಲ್ಲಿ ಹೋಗಿಬರುತ್ತಿದ್ದರು. ಈಗ ಮೋಟಾರು ದೋಣಿ ಬರುವುದಿತ್ತು. ಅಂಗಡಿಯವನು ಎರಡನ್ನು ತಂದು ಕಟ್ಟೆಗೆ ಕಟ್ಟಿದ್ದ. ಒಂದು ನೀಲಿ, ಒಂದು ಬೂದು. ಎರಡರಲ್ಲೊಂದನ್ನು ಆರಿಸುವ ಹೊಣೆ ಅವನ ಮೇಲೆ ಬಿದ್ದಿತ್ತು.

ಮೂರು ತಿಂಗಳು ಕೂತು ಅವನು ಮೂವತ್ತೊಂದು ಸಾಲಿನ ಪಟ್ಟಿ ಮಾಡಿದ್ದ. ಉದ್ದ, ಅಗಲ, ತೂಕ, ತಳದ ದಪ್ಪ, ಸದ್ದು, ಅದುರು. ಪ್ರತಿ ಸಾಲಿಗೂ ಹತ್ತರಲ್ಲಿ ಅಂಕ. ಕೂಡಿದರೆ ನೀಲಿಗೆ ಇನ್ನೂರ ಹದಿನಾಲ್ಕು, ಬೂದು ಬಣ್ಣದ್ದಕ್ಕೂ ಇನ್ನೂರ ಹದಿನಾಲ್ಕು.

“ಅವಳಿಜವಳಿ ಸಾರ್,” ಎಂದ ಅಂಗಡಿಯವನು. “ಹೆತ್ತವಳಿಗೂ ಗುರುತು ಸಿಗಲ್ಲ.”

ಗುರುತು ಇತ್ತು. ನೀಲಿ ದೋಣಿಯ ಎಂಜಿನ್ ಕೀಲಿ ತಿರುಗಿಸಿದರೆ ಸಾಕು, ಎದ್ದು ಕೂರುತ್ತಿತ್ತು. ಬೂದು ದೋಣಿಯದನ್ನು ಹಗ್ಗ ಹಿಡಿದು ಝಾಡಿಸಿ ಎಳೆದು ಎಬ್ಬಿಸಬೇಕು. ಪಟ್ಟಿಯಲ್ಲಿ ಅದು ಹದಿನೇಳನೆಯ ಸಾಲು. ಕೀಲಿಗೆ ಬ್ಯಾಟರಿ ಬೇಕು, ಬ್ಯಾಟರಿ ಕೈಕೊಡಬಹುದು. ಹಗ್ಗಕ್ಕೆ ತೋಳು ಬೇಕು. ಅವನು ಎರಡಕ್ಕೂ ಎಂಟೆಂಟು ಕೊಟ್ಟಿದ್ದ. ಯಾರ ತೋಳು ಎಂದು ಹದಿನೇಳನೆಯ ಸಾಲು ಕೇಳಿರಲಿಲ್ಲ.

ಕೇಳಿದ್ದವಳು ಹೆಂಡತಿ. ಬೆಳಿಗ್ಗೆ ಕಾಫಿ ಲೋಟ ಅವನ ಮುಂದಿಟ್ಟು, ಕಾಗದದತ್ತ ನೋಡದೆಯೇ ಕೇಳಿದ್ದಳು.

“ದೋಣಿ ಓಡಿಸೋರು ಅವರಲ್ವಾ? ಅವರನ್ನ ಒಂದು ಮಾತು ಕೇಳಿದ್ರಾ?”

“ಕೇಳೋದೇನಿದೆ. ಎರಡೂ ಒಂದೇ.”

“ನಿಮಗೆ ಯಾವತ್ತು ಎರಡು ಬೇರೆ ಬೇರೆ ಕಂಡಿದೆ ಹೇಳಿ,” ಎಂದು ಅವಳು ಕಿಟಕಿಯ ಕಡೆ ಕೈ ತೋರಿಸಿದ್ದಳು. ಪರದೆಗೆಂದು ತಂದ ಎರಡು ಬಟ್ಟೆಯ ತುಣುಕುಗಳಲ್ಲಿ ಒಂದನ್ನು ಆರಿಸಲಾಗದೆ ಅವನು ವರ್ಷಗಟ್ಟಲೆ ಕಿಟಕಿಯನ್ನು ಬತ್ತಲೆ ಬಿಟ್ಟಿದ್ದ. ಈಗ ಎಡಗಡೆ ಒಂದು ಬಟ್ಟೆ, ಬಲಗಡೆ ಇನ್ನೊಂದು ತೂಗುತ್ತಿತ್ತು. “ನಾನೇ ಹಾಕಿ ಒಂದು ವರ್ಷ ಆಯ್ತು, ನೀವು ನೋಡೇ ಇಲ್ಲ.”

ಅವನು ಕಾಫಿ ಕುಡಿದಿದ್ದ. ಜಗಳವೇನೂ ಆಗಲಿಲ್ಲ. ಅವರ ಮನೆಯಲ್ಲಿ ಜಗಳವಾಗಿ ಬಹಳ ಕಾಲವಾಗಿತ್ತು.

ಅಂಬಿಗ ಹುಟ್ಟು ಹಾಕಿ ಬೂದು ದೋಣಿಯನ್ನು ಮೊದಲ ಡಬ್ಬದವರೆಗೆ ನಡೆಸಿ ತೋರಿಸಿದ. ಎಂಜಿನ್ನಿನ ಎಣ್ಣೆ ಬಾಟಲಿಯ ನೀರಿಗೆ ಬೆರೆಯಬಾರದು. ಹಾಗಾಗಿ ಡಬ್ಬ ಇನ್ನೂ ದೂರವಿರುವಾಗಲೇ ಎಂಜಿನ್ ನಿಲ್ಲಿಸಿ, ಉಳಿದ ದಾರಿಯನ್ನು ಹುಟ್ಟಿನಿಂದ ಸವೆಸಬೇಕು. ನೀರು ತುಂಬಿಕೊಂಡು ಮತ್ತೆ ಎಂಜಿನ್ ಎಬ್ಬಿಸಬೇಕು. ಏಳು ಡಬ್ಬಕ್ಕೆ ಏಳು ಸಲ, ಕಟ್ಟೆಯಿಂದ ಹೊರಡುವಾಗ ಒಂದು ಸಲ. ಪ್ರತಿ ಸುತ್ತಿಗೆ ಎಂಟು ಎಳೆತ. ಪಟ್ಟಿಯಲ್ಲಿ ಅವನು ಒಂದೇ ಒಂದು ಎಳೆತಕ್ಕೆ ಅಂಕ ಕೊಟ್ಟಿದ್ದ, ಅದೂ ಅಂಗಡಿಯವನು ಎಳೆದದ್ದಕ್ಕೆ.

ಈ ತಪ್ಪು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಅಂಕ ತಿದ್ದಿರಲಿಲ್ಲ.

ಆರು ವರ್ಷದ ಹಿಂದೆ ಐದನೆಯ ಡಬ್ಬದ ಬಳಿ ಬಾಟಲಿ ಮುಳುಗಿಸಲು ಬಾಗಿದವನು ಹಾಗೇ ನೀರಿಗೆ ಬಿದ್ದಿದ್ದ. ತೇಲುಕವಚ ಹಾಕದೆ ಯಾರೂ ದೋಣಿ ಹತ್ತಕೂಡದೆಂಬ ನಿಯಮವನ್ನು ಬರೆದವನು ಅವನೇ. ಕವಚ ಅಂದು ಸೀಟಿನ ಕೆಳಗಿತ್ತು, ಬಾಗುವುದಕ್ಕೆ ಅಡ್ಡ ಬರುತ್ತದೆಂದು. ಅಂಬಿಗ ಬಲಗೈಯಿಂದ ಅವನ ಕಾಲರು ಹಿಡಿದು ಎತ್ತಿ ಒಳಗೆ ಹಾಕಿಕೊಂಡ. “ಕೈ ಬಿಡ್ಬೇಡ ತಮ್ಮಾ” ಎಂದದ್ದು ಆಗ ಮಾತ್ರ. ಮೊದಲೂ ಸಾರ್, ಆಮೇಲೂ ಸಾರ್.

ಅಂದು ಅಂಬಿಗನ ಭುಜದ ಕೀಲು ಜಾರಿತು. ಆಮೇಲೆ ಕೀಲನ್ನು ಮತ್ತೆ ಕೂರಿಸಿದರು. ಹುಟ್ಟು ಹಾಕಲು ತೊಂದರೆಯಿಲ್ಲ. ಅದು ನೀರಿನೊಂದಿಗೆ ಹೋಗಿ ನೀರಿನೊಂದಿಗೆ ಬರುವ ಕೆಲಸ. ಝಾಡಿಸಿದರೆ ಮಾತ್ರ ಮತ್ತೆ ಜಾರುತ್ತಿತ್ತು.

ವರದಿಯಲ್ಲಿ ಅವನು ಬರೆದ: ದೋಣಿ ವಾಲಿತು, ಒಂದು ಬಾಟಲಿ ನಷ್ಟವಾಯಿತು, ಯಾರಿಗೂ ಪೆಟ್ಟಾಗಿಲ್ಲ. ಅಂಬಿಗ ಅದನ್ನು ಓದಲಿಲ್ಲ. “ಎಲ್ಲಿ ಸಾರ್?” ಎಂದು ಕೇಳಿ, ತೋರಿಸಿದ ಕಡೆ ಸಹಿ ಹಾಕಿದ. ಮರುವಾರ ಒಂದು ಬೆಂಡು ತಂದು ಅವನ ಕನ್ನಡಕದ ದಾರಕ್ಕೆ ಕಟ್ಟಿಕೊಟ್ಟ. “ಇನ್ನೊಂದು ಸಲ ಬಿದ್ರೆ ಇದಾದ್ರೂ ತೇಲ್ಲಿ.”

ಬೆಂಡು ಈಗಲೂ ಅವನ ಕತ್ತಿನ ಹಿಂದೆ ತೂಗುತ್ತಿತ್ತು.

“ನಿಮಗೆ ಯಾವುದು ಸರಿ ಅನ್ಸುತ್ತೆ ಅಣ್ಣ?” ಎಂದು ಅವನು ಕೇಳಿದ. ನೀರಿನ ಮೇಲೆ ಅವನು ಅಂಬಿಗನನ್ನು ಅಣ್ಣ ಎನ್ನುತ್ತಿದ್ದ. ದಡದಲ್ಲಿ ಏನೂ ಅನ್ನುತ್ತಿರಲಿಲ್ಲ.

ಅಂಬಿಗ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ನೀರು ತೊಟ್ಟಿಕ್ಕುವುದನ್ನು ನೋಡಿದ. “ನೀಲಿ ಚೆನ್ನಾಗಿದೆ ಸಾರ್.” ಆಮೇಲೆ, “ಕೀಲಿ ಇದ್ಯಲ್ಲ,” ಎಂದ. ಅಷ್ಟೇ. ಹೆಚ್ಚು ಹೇಳಿದರೆ ಅದು ಬೇಡಿದ ಹಾಗಾಗುತ್ತದೆಂದು ಹೆದರಿದವನಂತೆ ಮತ್ತೆ ಹುಟ್ಟು ಹಾಕಿದ.

ಹನ್ನೊಂದು ಗಂಟೆಗೆ ಪ್ರಯೋಗಾಲಯದ ಮುಖ್ಯಸ್ಥರು ಕಟ್ಟೆಗೆ ಬಂದರು. ಹೊಳೆಯುವ ಬೂಟಿಗೆ ಕೆಸರು ತಾಗದಂತೆ ಅಂಬಿಗ ಹಲಗೆಯೊಂದನ್ನು ಹಾಸಿದ. ಅವರು ಅದರ ಮೇಲೆ ನಿಂತು ಪಟ್ಟಿಯನ್ನು ತಿರುವಿಹಾಕಿ, ಇಷ್ಟು ಶ್ರದ್ಧೆ ಈ ಕಾಲದಲ್ಲಿ ಕಾಣಸಿಗುವುದಿಲ್ಲವೆಂದು ಮೆಚ್ಚಿಕೊಂಡರು. ಆಮೇಲೆ ಬೂದು ದೋಣಿಯ ಕಡೆ ಗಲ್ಲ ಎತ್ತಿ ತೋರಿಸಿದರು.

“ನೋಡೋಕೆ ಗಂಭೀರವಾಗಿದೆ. ನೀಲಿ ಅಂದ್ರೆ ಪಿಕ್ನಿಕ್ಕಿಗೆ ಹೊರಟ ಹಾಗೆ. ನಿಮಗೆ ನೀಲಿನೇ ಬೇಕು ಅಂದ್ರೆ ನನ್ನದೇನೂ ಅಡ್ಡಿ ಇಲ್ಲ. ಯಾಕೆ ಅಂತ ಒಂದು ವಾಕ್ಯ ಬರೆದುಕೊಡಿ.”

ವಾಕ್ಯ ಅವನ ತಲೆಯಲ್ಲಿ ಆಗಲೇ ಸಿದ್ಧವಿತ್ತು, ಪೂರ್ಣವಿರಾಮ ಸಮೇತ. ದೋಣಿ ನಡೆಸುವವರ ಬಲಭುಜಕ್ಕೆ ಆರು ವರ್ಷದ ಹಿಂದೆ ಕೆಲಸದ ವೇಳೆ ಪೆಟ್ಟಾಗಿರುವುದರಿಂದ. ಅದನ್ನು ಓದಿದ ಯಾರೇ ಆದರೂ ಹಳೆಯ ವರದಿ ತರಿಸುತ್ತಾರೆ. ಯಾರಿಗೂ ಪೆಟ್ಟಾಗಿಲ್ಲ. ಕೆಳಗೆ, ಅಂಬಿಗನ ಸಹಿಯ ಪಕ್ಕದಲ್ಲಿ, ದುಂಡನೆಯ ಅಕ್ಷರದಲ್ಲಿ ಅವನದೇ ಸಹಿ.

ಅಂಬಿಗ ಎರಡು ಮಾರು ದೂರದಲ್ಲಿ ಹಗ್ಗ ಸುತ್ತುತ್ತಿದ್ದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತುತ್ತಿದ್ದ.

“ಎರಡೂ ಒಂದೇ ಸರ್,” ಎಂದ ಕೆಮಿಸ್ಟ್.

“ಹಾಗಾದ್ರೆ ಬೂದು.”

ಓಡಿಸುವವರು ಒಮ್ಮೆ ಎಂಜಿನ್ ಎಬ್ಬಿಸಿ ತೋರಿಸಲಿ ಎಂದರು ಮುಖ್ಯಸ್ಥರು. ಅಂಬಿಗ ದೋಣಿಗಿಳಿದು ಎಡಗೈಯಿಂದ ಹಗ್ಗದ ಹಿಡಿ ಹಿಡಿದ. ಎಂಜಿನ್ ಕೆಮ್ಮಿತು. ಇನ್ನೊಮ್ಮೆ ಎಳೆದ, ಅರ್ಧಕ್ಕೆ ನಿಂತಿತು. ಮೂರನೆಯ ಸಲ ದೋಣಿ ಅಲುಗಿ ಅವನು ಹಲಗೆಯ ಮೇಲೆ ಕುಕ್ಕರಿಸಿದ. ಅಂಗಡಿಯವನು ತಿರುಗಿ ಬೇರೆಲ್ಲೋ ನೋಡಿದ. ಅದು ಅವನ ಮರ್ಯಾದೆ.

“ಬಲಗೈ ಇಲ್ವೇನಪ್ಪಾ?” ಎಂದು ಮುಖ್ಯಸ್ಥರು ನಕ್ಕರು.

ಅಂಬಿಗ ಕೆಮಿಸ್ಟನ ಮುಖ ನೋಡಿದ. ಅರೆ ಕ್ಷಣ. ಅದರಲ್ಲಿ ದೂರಿರಲಿಲ್ಲ, ಹೇಳಬಹುದೇ ಎಂದು ಒಪ್ಪಿಗೆ ಕೇಳುವಂತಿತ್ತು. ಕೆಮಿಸ್ಟ್ ಪೆನ್ನಿನ ಮುಚ್ಚಳ ಹಾಕಿದ, ತೆಗೆದ.

“ಅಭ್ಯಾಸ ಇಲ್ಲ ಸಾರ್,” ಎಂದ ಅಂಬಿಗ. “ನನ್ನದೇ ತಪ್ಪು.”

ಅಭ್ಯಾಸ ಇರುವವರನ್ನು ನೋಡೋಣ ಎಂದರು ಮುಖ್ಯಸ್ಥರು, ಒರಟಾಗಿಯೇನಲ್ಲ. ಪಂಪ್‌ಹೌಸಿನಲ್ಲಿ ಗೇಜು ನೋಡಿ ಬರೆಯುವವರು ಒಬ್ಬರು ಬೇಕಾಗಿತ್ತು. ನೆರಳಿನ ಕೆಲಸ, ವಯಸ್ಸಿಗೂ ಒಳ್ಳೆಯದು. ಪಂಪ್‌ಹೌಸಿಗೆ ಕಿಟಕಿ ಇರಲಿಲ್ಲ. ಅದು ಯಾವ ಪಟ್ಟಿಯಲ್ಲೂ ಬರಲಿಲ್ಲ.

ಮಧ್ಯಾಹ್ನ ಅವನು ಹಿಂದಿನ ಸುತ್ತಿನಲ್ಲಿ ಉಳಿದಿದ್ದ ನಾಲ್ಕು ಬಾಟಲಿ ನೀರು ಪರೀಕ್ಷಿಸಿದ. ನಾಲ್ಕೂ ಶುದ್ಧವಾಗಿದ್ದವು.

ಅಂಬಿಗ ಬಾಗಿಲಲ್ಲಿ ಬಂದು ನಿಂತಾಗ ಅವನು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಕೆಳಗೆ ಬರೀ ಗಾಜಿತ್ತು. ನಾಳೆಯಿಂದ ಪಂಪ್‌ಹೌಸಿಗೆ ಹೋಗುವುದೆಂದು ಅಂಬಿಗ ತಿಳಿಸಿದ. ಆಮೇಲೆ ಜೇಬಿನಿಂದ ಏನೋ ತೆಗೆದು ಮೇಜಿನ ಮೇಲಿಟ್ಟ. ಹೊಸ ಬೆಂಡು. ನಡುವೆ ದಾರಕ್ಕೆ ತೂತು ಕೊರೆದಿತ್ತು. ಅಂಚು ಕುತ್ತಿಗೆ ತರಚದಂತೆ ಉಜ್ಜಿ ನಯಮಾಡಿತ್ತು.

“ಹಳೇದು ನೀರು ಕುಡಿದುಬಿಟ್ಟಿದೆ ಸಾರ್. ಇನ್ನು ತೇಲಲ್ಲ ಅದು. ಇವತ್ತೇ ಕಟ್ಕೊಂಡ್ಬಿಡಿ.”

“ಇಟ್ಟು ಹೋಗಿ,” ಎಂದ ಅವನು. ಭುಜ ಹೇಗಿದೆ ಎಂದು ಕೇಳಬೇಕೆಂದಿದ್ದ. ಅಷ್ಟರಲ್ಲಿ ಚಪ್ಪಲಿಯ ಸದ್ದು ಮೆಟ್ಟಿಲಿಳಿದಿತ್ತು. ಬೆಂಡನ್ನು ಡ್ರಾಯರಿಗೆ ಹಾಕಿ ಮುಚ್ಚಿದ.

ಐದು ಗಂಟೆಗೆ ಎಲ್ಲರೂ ಹೊರಟ ಮೇಲೆ ಅವನ ಕಾಲು ಮನೆಯ ದಾರಿ ಹಿಡಿಯದೆ ಕಟ್ಟೆಗೆ ಬಂತು. ಎರಡು ದೋಣಿಗಳೂ ಅಲ್ಲೇ ಇದ್ದವು. ನೀಲಿಯನ್ನು ಅಂಗಡಿಯವನು ಬೆಳಿಗ್ಗೆ ಒಯ್ಯುವವನಿದ್ದ. ಬಿಸಿಲು ಇನ್ನೂ ನೀರಿನ ಮೇಲಿತ್ತು.

ಬೂದು ದೋಣಿಗಿಳಿದ. ಹಲಗೆ ಒದ್ದೆಯಾಗಿತ್ತು. ಪ್ಯಾಂಟು ನೆನೆದ ಮೇಲೆ ಅದು ತಿಳಿಯಿತು.

ಹಗ್ಗದ ಹಿಡಿ ಹಿಡಿದು, ಇದರಲ್ಲೇನಿದೆ ಎಂದು ತನಗೇ ತೋರಿಸಿಕೊಳ್ಳುವವನಂತೆ ಎಳೆದ. ಎಂಜಿನ್ ಒಂದೇ ಎಳೆತಕ್ಕೆ ಎದ್ದಿತು. ಎಳೆತ ನಿಜಕ್ಕೂ ಸುಲಭವಾಗಿತ್ತು, ನೆಟ್ಟಗಿರುವ ತೋಳಿಗೆ. ಅವನು ಎಂಜಿನ್ನಿನ ವೇಗದ ಹಿಡಿ ತಿರುಗಿಸಿದ. ದೋಣಿ ಮುನ್ನುಗ್ಗಿ, ಗಕ್ಕನೆ ನಿಂತು, ಅವನನ್ನು ಬೋರಲು ಕೆಡವಿತು. ದಡದ ಗೂಟಕ್ಕೆ ಕಟ್ಟಿದ ಹಗ್ಗವನ್ನು ಬಿಚ್ಚಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ಒಮ್ಮೆಯೂ ದೋಣಿ ಬಿಚ್ಚಿರಲಿಲ್ಲ.

ಕನ್ನಡಕ ದಾರದ ಸಮೇತ ತಲೆಯ ಮೇಲಿಂದ ಜಾರಿ ನೀರಿಗೆ ಬಿತ್ತು. ಹಳೆಯ ಬೆಂಡು ಅದನ್ನು ಒಂದೆರಡು ಕ್ಷಣ ಎತ್ತಿ ಹಿಡಿಯಿತು. ಕೈ ಚಾಚಿದ, ಗೇಣು ದೂರ. ಬೆಂಡು ಒಂದು ಮಗ್ಗುಲಿಗೆ ಹೊರಳಿ, ಅವಸರವಿಲ್ಲದೆ ಮುಳುಗಿತು.

ಎಂಜಿನ್ನನ್ನು ನಿಲ್ಲಿಸುವುದು ಹೇಗೆಂದು ಮೂವತ್ತೊಂದು ಸಾಲಿನಲ್ಲಿ ಎಲ್ಲಿಯೂ ಇರಲಿಲ್ಲ. ಅದು ಅರಚುತ್ತಲೇ ಇತ್ತು. ಹಗ್ಗ ಬಿಗಿದು ನಡುಗುತ್ತಿತ್ತು. ದೋಣಿಯ ಹಿಂದೆ ಎಣ್ಣೆಯ ತೆಳು ಪೊರೆ ಬಣ್ಣಬಣ್ಣವಾಗಿ ಬಿಚ್ಚಿಕೊಳ್ಳುತ್ತ ಮೊದಲ ಡಬ್ಬದ ಕಡೆ ಹರಿಯಿತು.

ಅವನು ತಲೆಯೆತ್ತಿ ಪಕ್ಕದ ದೋಣಿಯನ್ನು ನೋಡಿದ. ಬರಿಗಣ್ಣಿಗೆ ಅದು ನೀಲಿಯೋ ಬೂದೋ ತಿಳಿಯಲಿಲ್ಲ.